ಗೋಡೆಯ ನಡುವಿನ ಬಾಗಿಲು ಮತ್ತು ನನ್ನ ಪ್ರಥಮ ಬಹುಮಾನ

ಮಾನ್ಯ ತೀರ್ಪುಗಾರ ಸಮಿತಿಯ ಅಧ್ಯಕ್ಷರೇ,

ನನಗೆ ಕೊಟ್ಟ ಪ್ರಥಮ ಬಹುಮಾನವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಅದೂ ಶುಕ್ರವಾರದೊಳಗೆ.

'ಮಾದರಿ ಅಂಗಳ' ಸ್ಪರ್ಧೆಗೆ ನಾನಾಗಿ ಸೇರಿದವನಲ್ಲ. ಮೊಹಲ್ಲಾದ ಮುಖ್ಯಸ್ಥರು ಎಲ್ಲರ ಹೆಸರನ್ನೂ ಬರೆದುಕೊಂಡರು. ನನ್ನ ಅಂಗಳದಲ್ಲಿರುವುದು ಒಂದು ಮುರುಕು ಮಂಚ, ಕಾಯಿ ಬಿಡದ ದಾಳಿಂಬೆ, ಇವೆರಡನ್ನೂ ನೋಡುತ್ತ ಕೂರುವ ನಾನು. ತಾವು ಮೆಚ್ಚಿದ ಗುಲಾಬಿ, ದ್ರಾಕ್ಷಿ ಚಪ್ಪರ, ಕಾಮಕಸ್ತೂರಿಯ ಪಾತಿ ಎಲ್ಲವೂ ಪಕ್ಕದ ಮನೆಯ ಓಯ್ದಿನ್ ಅಕ್ಕನವು. ನಮ್ಮಿಬ್ಬರ ನಡುವಿನ ಮಣ್ಣಿನ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿದೆ. ನಮ್ಮ ಮರ್ಗಿಲಾನ್ ಊರಿನ ಯಾವ ಗೋಡೆಯಲ್ಲಿ ಇಲ್ಲ? ಅವರ ಪಲಾವು ಈಚೆ ಬರುತ್ತದೆ. ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದೆಂದು ನಾನು ಒಣದ್ರಾಕ್ಷಿ ತುಂಬಿ ಕೊಡುತ್ತೇನೆ. ಆ ದ್ರಾಕ್ಷಿಯೂ ಅವರದೇ.

ಅಂಗಳ ನೋಡಲು ಬಂದ ದಿನ, ನಾನು ಚಹಾ ತರಲು ಒಳಗೆ ಹೋದಾಗ ಸಮಿತಿಯ ತಾವು ಮೂವರೂ ಬಗ್ಗಿ ಆ ಬಾಗಿಲು ದಾಟಿಬಿಟ್ಟಿರಿ. ನಾನೂ ಹಿಂದೆಯೇ ಓಡಿಬಂದೆ.

"ಅಬ್ಬಬ್ಬಾ, ಏನ್ ಗುಲಾಬಿ ಬೆಳ್ಸಿದೀರಿ ಶೋಕಿರ್!"

"ಅಯ್ಯೋ, ಇದು ನಂದಲ್ಲ ಯಜಮಾನ್ರೇ."

"ನೋಡ್ರಪ್ಪಾ ವಿನಯಾನ!"

"ಆಣೆಗೂ ನಂದಲ್ಲ. ಒಂದಿನಾನೂ ನೀರು ಹಾಕಿಲ್ಲ."

"ಬರ್ಕೊಳ್ಳಮ್ಮ, ಇನ್ನೈದು ಅಂಕ," ಎಂದು ಕಾರ್ಯದರ್ಶಿಗೆ ಹೇಳಿದಿರಿ.

ಅತಿಥಿ ಹೊಗಳಿದರೆ ಅಲ್ಲಗಳೆಯುವುದು ನಮ್ಮೂರ ಮರ್ಯಾದೆ, ಒಪ್ಪಿದೆ. ಆದರೆ ಇಂಥ ಊರಿನಲ್ಲಿ ನಿಜ ಹೇಳಬೇಕಾದವನು ಏನು ಮಾಡಬೇಕು? ಎಲ್ಲ ನನ್ನದೇ ಎಂದು ಜಂಬ ಕೊಚ್ಚಿದ್ದರೆ ತಮಗೆ ಅನುಮಾನವಾದರೂ ಬರುತ್ತಿತ್ತೇನೋ. ಓಯ್ದಿನ್ ಅಕ್ಕ ಆಗ ಅತಿಥಿಗಳಾದ ತಮ್ಮ ಮೂವರಿಗೇ ಬಿಸಿ ರೊಟ್ಟಿ ತರಲೆಂದು ಬೀದಿಯ ತಂದೂರಿನ ಮುಂದೆ ಸರದಿಯಲ್ಲಿ ನಿಂತಿದ್ದರು. ತಾವು ಬೀದಿಗೆ ಬಂದು, ಅವರ ಗೇಟಿನ ಬೀಗ ನೋಡಿ, 'ನಿರ್ಲಕ್ಷಿತ ಅಂಗಳ' ಎಂದು ಚೀಟಿ ಅಂಟಿಸಿದಿರಿ. ಐದು ನಿಮಿಷದ ಹಿಂದೆ ಅದೇ ಅಂಗಳದ ಹೂವು ಮೂಸಿದವು ಯಾರ ಮೂಗುಗಳು? ಬಹುಮಾನವಾಗಿ ಬಂದ ಹುಲ್ಲು ಕತ್ತರಿಸುವ ಯಂತ್ರದ ಬಗ್ಗೆ ನಾನೇನೂ ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಆ ಕೆಲಸಕ್ಕೆ ಕುರಿಗಳಿವೆ.

ತಾವು ನನ್ನ ಗೇಟಿಗೆ ಹೊಡೆದ 'ಮಾದರಿ ಅಂಗಳ' ಫಲಕ ಅಕ್ಕನ ಕಣ್ಣಿಗೆ ಬಿತ್ತು.

"ಏನಪ್ಪಾ ಮಾದರಿ ತಮ್ಮಾ, ನಿನ್ನ ಗುಲಾಬಿಗೆ ಹುಳ ಬಿದ್ದಿದೆ, ಬಂದು ಔಷಧಿ ಹೊಡಿ."

"ಅಕ್ಕಾ, ನಂದಲ್ಲ ಅಂತ ಬಡ್ಕೊಂಡೆ."

"ಬಡ್ಕೊಂಡ್ನಂತೆ! ಅದಕ್ಕೂ ಅಂಕ ಗಿಟ್ಟಿಸ್ಕೊಂಡ್ಯಲ್ಲೋ!"

ಮರುದಿನವೇ ಗೋಡೆಯ ಬಳಿ ಅಕ್ಕ ತರಿಸಿದ ಇಟ್ಟಿಗೆಗಳು ಬಂದು ಬಿದ್ದವು. ಬಾಗಿಲು ಮುಚ್ಚಲು ಗಾರೆಯವನು ಶುಕ್ರವಾರ ಬರುತ್ತಾನೆ. ಹೆಂಡತಿ ತೀರಿಹೋದ ಮೇಲಿನ ಏಳು ವರ್ಷಗಳಲ್ಲಿ ನಾನು ದಿನಕ್ಕೊಮ್ಮೆಯಾದರೂ ಮನುಷ್ಯರ ದನಿ ಕೇಳಿದ್ದೇನೆಂದರೆ, ಅದು ಆ ಬಾಗಿಲಿನಿಂದ. ಸಮಿತಿಯ ನಿಯಮಾವಳಿಯಲ್ಲಿ ಇದಕ್ಕೆ ಅಂಕವಿಲ್ಲವೆಂದು ಬಲ್ಲೆ.

ಆದ್ದರಿಂದ ಮೂವರೂ ಬನ್ನಿ. ಫಲಕ ಕಿತ್ತು ಅವರ ಗೇಟಿಗೆ ಹೊಡೆಯಿರಿ, ಸುತ್ತಿಗೆ ನಾನು ಕೊಡುತ್ತೇನೆ. ಅಕ್ಕ ಬೈಯುತ್ತಾರೆ, ನಿಂತು ಪೂರ್ತಿ ಕೇಳಿ. ಇಟ್ಟಿಗೆ ಬಂದು ನಾಲ್ಕು ದಿನವಾದರೂ ಅಕ್ಕನ ಅಂಗಳದ ಕಡೆಯಿಂದ ಆ ಬಾಗಿಲಿಗೆ ಇನ್ನೂ ಚಿಲಕ ಬಿದ್ದಿಲ್ಲ. ಬೆಳಿಗ್ಗೆ ತಳ್ಳಿ ನೋಡಿದ್ದೇನೆ.

ಇಂತಿ,
ಪಕ್ಕದವರ ತೋಟದಲ್ಲಿ ಅರಳಿದ,
ಶೋಕಿರ್
ಕಾಲುವೆ ಬೀದಿ, ಮರ್ಗಿಲಾನ್