ಹನ್ನೊಂದನೇ ಬೆಡ್ಡಿನ ಶಬ್ದ

ಫೆಬ್ರವರಿ 3, ಮಧ್ಯಾಹ್ನ

ಹಾಸ್ಟೆಲಿನ ನಲ್ಲಿಯಲ್ಲಿ ಇವತ್ತೂ ನೀರಿಲ್ಲವಂತೆ. ವಾರ್ಡಿನ ಸಿಂಕಿನಲ್ಲೇ ಮುಖ ತೊಳೆದೆ. ರೂಮಿನಲ್ಲಿ ಮೂವರು, ಮಂಚ ಎರಡು. ಒಬ್ಬಳು ಯಾವಾಗಲೂ ಡ್ಯೂಟಿಯಲ್ಲಿರುತ್ತಾಳಲ್ಲ, ಮೂರನೆಯದು ಯಾಕೆ — ಇದು ವಾರ್ಡನ್ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ತಿಗಣೆಗಳನ್ನು ಸೇರಿಸಿಲ್ಲ, ಅಷ್ಟೇ. ಆಸ್ಪತ್ರೆಯ ಡ್ಯೂಟಿ ರೂಮಿನ ಮಂಚದ ಮೇಲೆ ಕೆಟ್ಟ ಮಾನಿಟರುಗಳು ಮಲಗಿವೆ. ಡಾಕ್ಟರುಗಳಿಗೆ ಕುರ್ಚಿ.

ನಿನ್ನೆ ಬೆಳಿಗ್ಗೆಯಿಂದ ಡ್ಯೂಟಿ. ರೌಂಡ್ಸ್‌ನಲ್ಲಿ ದೊಡ್ಡ ಸರ್ ಹನ್ನೊಂದನೇ ಬೆಡ್ಡಿನ ಹತ್ತಿರ ನಿಂತರು. ಹೊಸ ಪೇಷಂಟ್, ಯಾವುದೋ ಶಾಲೆಯ ಡ್ರಿಲ್ ಮೇಡಂ. ಹೃದಯದ ಒಂದು ವಾಲ್ವ್ ಕಿರಿದಾಗಿದೆ; ಅದರಲ್ಲಿ ರಕ್ತ ನುಗ್ಗುವ ಸದ್ದೇ ಮರ್ಮರ್. ನಾಲ್ಕು ಹೆಜ್ಜೆಗೆ ಏದುಸಿರು.

"ಇಂಥ ಮರ್ಮರ್ ಈಗ ಸಿಗೋದೇ ಅಪರೂಪ. ಎಲ್ರೂ ಕೇಳಿ. ಮುಂದಿನ ವಾರ ಇವರನ್ನ ದೊಡ್ಡ ಆಸ್ಪತ್ರೆಗೆ ಕಳಿಸ್ತೀವಿ, ವಾಲ್ವ್ ಅಗಲ ಮಾಡ್ತಾರೆ. ಆಮೇಲೆ ಹುಡುಕಿದ್ರೂ ಸಿಗಲ್ಲ."

ಆರು ಜನ ಪಿ.ಜಿ.ಗಳು ಸಾಲಾಗಿ ಬಗ್ಗಿದೆವು. ನನ್ನ ಸರದಿ ಬಂತು. ಕಿವಿಯಲ್ಲಿ ನನ್ನದೇ ಗುಂಯ್ ಎನ್ನುವ ಸದ್ದು... ಬೇರೇನೂ ಇಲ್ಲ.

"ಕೇಳಿಸ್ತಾ?"

"ಹೌದು ಸರ್."

ತಲೆ ತಾನಾಗಿಯೇ ಅಲ್ಲಾಡಿತು. ಆರೂ ತಲೆಗಳು ಅಲ್ಲಾಡಿದವು.

ಫೆಬ್ರವರಿ 4

ಮರ್ಮರ್ ಬಗ್ಗೆಯೇ ಕ್ಲಾಸ್ ಇತ್ತು. ನನ್ನ ನೋಟ್ಸಿನಲ್ಲಿ "ಕಿರಿದಾದ ವಾಲ್ವಿನ ಲಕ್ಷಣಗಳು" ಎಂದಿದೆ. ಅಲ್ಲಿಂದ ಒಂದು ಗೀಟು ಅಂಕುಡೊಂಕಾಗಿ ಹಾಳೆಯ ಅಂಚಿನವರೆಗೆ ಹೋಗಿದೆ. ಬಾವಲಿ ಅದನ್ನು ನೋಡಿ, "ಇದು ನೋಟ್ಸಾ, ಇ.ಸಿ.ಜಿ.ನಾ?" ಎಂದಳು. ಬಾವಲಿ ನನ್ನ ರೂಂಮೇಟ್. ನಿಂತಲ್ಲೇ ನಿದ್ದೆ ಹೊಡೆಯುತ್ತಾಳೆ, ಅದಕ್ಕೇ ಆ ಹೆಸರು.

ಅಪ್ಪನ ಫೋನ್. "ಇವತ್ತು ಏನು ಕಲಿತೆ, ಪುಟ್ಟಿ?"

ಅಟೆಂಡರ್ ರಜೆ. ಟ್ರಾಲಿ ತಳ್ಳಿದೆ, ಬ್ಲಡ್ ಬ್ಯಾಂಕಿಗೆ ಓಡಿದೆ, ಲ್ಯಾಬಿನವರ ಹತ್ತಿರ ಜಗಳವಾಡಿದೆ. ಟ್ರಾಲಿಯ ಎಡಗಾಲಿ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಇವತ್ತಿನ ಕಲಿಕೆ.

"ತುಂಬಾ ಕಲಿತೆ, ಅಪ್ಪ."

ಫೆಬ್ರವರಿ 6, ಮಧ್ಯಾಹ್ನ

ಒಬ್ಬಳೇ ಹನ್ನೊಂದನೇ ಬೆಡ್ಡಿಗೆ ಹೋದೆ. ಎಡಕ್ಕೆ ಹೊರಳಿಸಿ, ಸ್ಟೆತ್ ಹಗುರವಾಗಿ ಇಟ್ಟೆ. ಲಬ್, ಡಪ್. ಡಪ್ ಆದಮೇಲೆ ಏನಿರಬೇಕೋ ಅದಿಲ್ಲ. ಮೇಡಂ ನನ್ನನ್ನೇ ನೋಡುತ್ತಿದ್ದರು.

"ಕೇಳಿಸಲಿಲ್ಲ ಅಲ್ವಾ?"

"ಕೇಳಿಸ್ತು."

"ಹೋಮ್‌ವರ್ಕ್ ಮಾಡಿದೀನಿ ಮಿಸ್ ಅನ್ನೋ ಮುಖ ನಂಗೆ ಗೊತ್ತಮ್ಮ. ಸುಮ್ನಿರು."

ನಗು ಬಂತು. ಆಮೇಲೆ ಹೆದರಿಕೆಯಾಯಿತು. ಮುಂದಿನ ತಿಂಗಳಿಂದ ಒ.ಪಿ.ಡಿ.ಯಲ್ಲಿ ನಾನೊಬ್ಬಳೇ. ಇಂಥವರು ಬಂದರೆ 'ಹೃದಯ ನಾರ್ಮಲ್' ಎಂದು ಬರೆದು ಮನೆಗೆ ಕಳಿಸುತ್ತೇನೆ. ಅವರು ಮೆಟ್ಟಿಲು ಹತ್ತುತ್ತಾರೆ... ನನ್ನ ಕಿವಿಯೇ ಸರಿಯಿಲ್ಲವೇನೋ. ಸೀಟು ಬಿಟ್ಟು, ಪೇಷಂಟ್ ಮುಟ್ಟದ ಬ್ರಾಂಚ್ ಯಾವುದಾದರೂ ಹಿಡಿಯುವುದು ವಾಸಿ.

ಬಾವಲಿಗೆ ಹೇಳಿದೆ. ಅವಳು ಆಕಳಿಸಿದಳು. "ನಂಗೂ ಕೇಳಿಸಿಲ್ಲ ಕಣೇ. ನೀನು ತಲೆ ಅಲ್ಲಾಡಿಸಿದೆ, ಹಿಂದೇನೇ ನಾನೂ ಅಲ್ಲಾಡಿಸಿದೆ."

ಫೆಬ್ರವರಿ 7

ಡ್ಯೂಟಿ.

ಫೆಬ್ರವರಿ 8

ಅದೇ ಡ್ಯೂಟಿ. ಇನ್ನೂ ಮುಗಿದಿಲ್ಲ.

ಫೆಬ್ರವರಿ 9, ಸಂಜೆ

ಮೇಡಂ ನಾಳೆ ಬೆಳಿಗ್ಗೆ ಹೊರಡುತ್ತಾರೆ. ಮಧ್ಯಾಹ್ನ, ಕೊನೆಯ ಸಲ ಎಂದು ಹೋದೆ. ಸ್ಟೆತ್ ಅವರ ಎದೆಯ ಮೇಲಿತ್ತು, ನಾನು ತೂಕಡಿಸುತ್ತಿದ್ದೆ. ಭುಜ ಹಿಡಿದು ಅಲ್ಲಾಡಿಸಿದರು.

"ಮಲ್ಕೋ."

"ಎಲ್ಲಿ?"

"ಇಲ್ಲೇ. ಮಟ್ಟವಾಗಿ ಮಲಗಿದ್ರೆ ನಂಗೆ ಉಸಿರು ಕಟ್ಟುತ್ತೆ. ಹಗಲೆಲ್ಲ ಕುರ್ಚೀಲೇ ಕೂರ್ತೀನಿ. ಮಂಚ ಸುಮ್ನೆ ಬಿದ್ದಿರುತ್ತೆ."

"ಮೇಡಂ, ಹಾಗೆಲ್ಲ ಆಗಲ್ಲ—"

"ಅಟೆನ್ಶನ್! ಮಲಗು ಅಂದ್ರೆ ಮಲಗಬೇಕು."

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಸಿಸ್ಟರ್ ಎದ್ದು ಬಂದರು. ಬೈಸಿಕೊಳ್ಳಲು ತಯಾರಾದೆ. ಅವರು ಪರದೆ ಎಳೆದರು. ಆಮೇಲೆ ನನಗೇನೂ ಗೊತ್ತಿಲ್ಲ.

ಉಳಿದದ್ದು ಬಾವಲಿ ಹೇಳಿದ್ದು. ದೊಡ್ಡ ಸರ್ ಹೇಳದೆ ಕೇಳದೆ ಸ್ಟೂಡೆಂಟುಗಳ ದಂಡು ಕಟ್ಟಿಕೊಂಡು ಬಂದರಂತೆ. ಪರದೆ ಸರಿಸಿ, ದಂಡಿನ ಕಡೆ ಮುಖ ಮಾಡಿ ಪಾಠ ಹೇಳುತ್ತಲೇ ನನ್ನ ಮಣಿಕಟ್ಟು ಹಿಡಿದು, "ಪಲ್ಸ್ ಎಷ್ಟು ಚೆನ್ನಾಗಿದೆ ನೋಡಿ" ಎಂದರಂತೆ. ಕುರ್ಚಿಯಿಂದ ಮೇಡಂ, "ಸರ್, ಪೇಷಂಟ್ ಇಲ್ಲಿದೀನಿ. ಅದು ಡಾಕ್ಟರು" ಎಂದರಂತೆ. ಸರ್ ಮುಖ ಕೆಂಪು ಮಾಡಿಕೊಂಡು ಹೊರಟುಹೋದರಂತೆ. ಅಷ್ಟಕ್ಕೂ ನನಗೆ ಎಚ್ಚರವಾಗಿಲ್ಲ.

ಎದ್ದಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಹಾಸಿಗೆ ಸರಿಮಾಡಿದೆ. ದಿಂಬು ಎತ್ತರಿಸಿ ಮೇಡಂ ಅವರನ್ನು ಎಡಕ್ಕೆ ಹೊರಳಿಸಿದೆ. ಸ್ಟೆತ್ ಇಟ್ಟೆ. ಲಬ್, ಡಪ್ — ಅದರ ಬೆನ್ನಿಗೇ, ಮೇಲಿನ ಮಹಡಿಯಲ್ಲಿ ಯಾರೋ ಮೆಲ್ಲಗೆ ಮಂಚ ಎಳೆದ ಹಾಗೆ... ಗುರ್ರ್. ಮತ್ತೆ. ಮತ್ತೆ.

ಇತ್ತು. ಇಷ್ಟು ದಿನವೂ ಅಲ್ಲೇ ಇತ್ತು. ಕಿವಿಗೆ ಏನೂ ಆಗಿಲ್ಲ. ಅಳು ಬಂತು, ಅತ್ತೆ.

"ಪಾಸಾದ್ಯಲ್ಲ, ಹೋಗು" ಎಂದರು ಮೇಡಂ.

ಫೆಬ್ರವರಿ 10

ಮೇಡಂ ದೊಡ್ಡ ಆಸ್ಪತ್ರೆಗೆ ಹೋದರು. ಮೆಮೊ ಬಂತು. 'ರೋಗಿಗೆ ಮೀಸಲಾದ ಹಾಸಿಗೆಯನ್ನು ಸ್ವಂತ ನಿದ್ರೆಗಾಗಿ ಬಳಸಿಕೊಂಡಿರುವುದಕ್ಕೆ ಸಮಜಾಯಿಷಿ ನೀಡತಕ್ಕದ್ದು.'

ಬಾವಲಿ: "ತಪ್ಪಾಯ್ತು ಅಂತ ಒಂದು ಸಾಲು ಗೀಚಿ ಬಿಸಾಕು. ಬಾಲ ಬಿಚ್ಚಿದ್ರೆ ಕೋರ್ಸು ಆರು ತಿಂಗಳು ಎಕ್ಸ್‌ಟೆನ್ಶನ್."

ಬರೆದುಕೊಟ್ಟೆ: ಮಲಗಿದ್ದು ನಿಜ. ರೋಗಿಯೇ ಹೇಳಿದ್ದು. ಎದ್ದ ಮೇಲೆ ಮರ್ಮರ್ ಕೇಳಿಸಿತು. ಅದಕ್ಕೆ ಮೊದಲು ಕೇಳಿಸಿತೆಂದು ರೌಂಡ್ಸ್‌ನಲ್ಲಿ ಹೇಳಿದ್ದು ಸುಳ್ಳು.

ಫೆಬ್ರವರಿ 12, ಬೆಳಿಗ್ಗೆ

ದೊಡ್ಡ ಸರ್ ಆರೂ ಜನರನ್ನು ಕರೆಸಿದರು. ನನ್ನ ಕಾಗದ ಮೇಜಿನ ಮೇಲಿತ್ತು.

"ಉಳಿದವರಿಗೆ ಕೇಳಿಸಿತ್ತಾ?"

ಐವರೂ ನೆಲ ನೋಡಿದರು. ಸರ್ ಕನ್ನಡಕ ತೆಗೆದು ಒರೆಸಿದರು.

"ಪೇಷಂಟ್ ದೊಡ್ಡ ಆಸ್ಪತ್ರೆಗೆ ಹೋಗಿಬಿಟ್ರಲ್ರೀ, ಇನ್ನೆಲ್ಲಿ ಕೇಳ್ತೀರಿ?" ಎಂದರು. ದನಿ ಜೋರಿರಲಿಲ್ಲ.

ಮಂಚ, ನಿದ್ದೆ, ಅಟೆಂಡರ್ — ಎಲ್ಲ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಫೋನ್ ಬಂತು. ನಮಗೆ ಹೋಗಿ ಎಂದು ಕೈ ಮಾಡಿದರು.

ಫೆಬ್ರವರಿ 20

ಆರು ತಿಂಗಳು ಎಕ್ಸ್‌ಟೆನ್ಶನ್. ನನಗೊಬ್ಬಳಿಗೇ. ಸಿಟ್ಟು ಬಂದಿದೆ. ಅಪ್ಪನಿಗೆ ಹೇಳಿಲ್ಲ.

ಐವರೂ ರೂಮಿಗೆ ಬಂದಿದ್ದರು. ಶಬ್ದ ಹೇಗಿತ್ತು, ಮಾಡಿ ತೋರಿಸು ಎಂದರು. ಬಾಯಲ್ಲಿ ಮಾಡಿದೆ. ಬಾವಲಿ ಅದನ್ನು ಬರೆದುಕೊಂಡಳು. ಪರೀಕ್ಷೆಗೆ ಸಾಕಾಗಬಹುದು.

ಮಾರ್ಚ್ 1, ಬೆಳಿಗ್ಗೆ

ಒ.ಪಿ.ಡಿ. ಒಬ್ಬಳೇ. ನಿನ್ನೆಯಿಂದ ರೆಪ್ಪೆ ಮುಚ್ಚಿಲ್ಲ. ಈಗಷ್ಟೇ ಒಬ್ಬ ಹುಡುಗಿ ಬಂದಳು, ಏದುಸಿರು. ಎಡಕ್ಕೆ ಹೊರಳಿಸಿ ಕೇಳಿದೆ. ಇದೆಯೋ ಇಲ್ಲವೋ, ಏನೂ ತಿಳಿಯಲಿಲ್ಲ. ಹೃದಯದ ಸ್ಕ್ಯಾನ್ ಮಾಡುವ ಎಕೋ ಮೆಷಿನ್ ಕೆಟ್ಟು ಕೂತಿದೆ.

"ಏನಿಲ್ಲ ಅಲ್ವಾ, ಡಾಕ್ಟ್ರೇ?" — ಅವಳ ತಾಯಿ.

"ಗೊತ್ತಾಗ್ತಿಲ್ಲ, ಅಮ್ಮ."

ಹೇಳಿಬಿಟ್ಟೆ. "ನಾನು ಹದಿನೈದು ನಿಮಿಷ ಕಣ್ಣು ಮುಚ್ಚಿ ಏಳ್ತೀನಿ. ಇಲ್ಲೇ ಕೂತಿರಿ. ಆಮೇಲೆ ಇನ್ನೊಂದ್ಸಲ ಕೇಳ್ತೀನಿ."

ತಾಯಿ ನನ್ನ ಮುಖ ನೋಡಿದರು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತರು. ಸಾಲು ಗೇಟಿನವರೆಗೆ ಇದೆ. ಹೊರಗೆ ಬೈಯುತ್ತಿದ್ದಾರೆ. ಬೈಯಲಿ. ಇನ್ನೊಂದು ಮೆಮೊ ಬರುತ್ತದೆ, ಬರಲಿ. ಮೇಜಿನ ಮೇಲೆ ತಲೆಯಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಗೀಟಾಗುತ್ತಿದೆ. ಎದ್ದ ತಕ್ಷಣ ಮೊದಲು ಈ ಹುಡುಗಿಯನ್ನು