ಅರವತ್ತಕ್ಕೆ ಎರಡು ಕಡಿಮೆ

ಅಪ್ಪ,

ಇವತ್ತು ಬೆಳಿಗ್ಗೆ ನಮ್ಮ ಔಷಧ ಪ್ರಯೋಗಕ್ಕೆ ಆರ್ವಿಡ್ ಎಂಬ ಮುದುಕರು ಬಂದಿದ್ದರು. ಡುಲುತ್ ಬಂದರಿನ ಅದಿರು ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದವರು. ನಿನ್ನದೇ ಕಾಯಿಲೆ, ಮೂತ್ರಕೋಶದ ಗೋಡೆಯೊಳಕ್ಕೆ ಇಳಿದ ಕ್ಯಾನ್ಸರ್. ಔಷಧ ಸಿಗಬೇಕಾದರೆ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಅಂಕ ಅರವತ್ತಾದರೂ ಇರಬೇಕು. ಅವರದು ಐವತ್ತೆಂಟು ಬಂತು.

"ಶಾಲೇಲೂ ಇವ್ರು ಹಿಂಗೇ, ಎರಡು ಅಂಕಕ್ಕೆ ಫೇಲು," ಎಂದರು ಹೆಂಡತಿ ಸೋಲ್ವೇಗ್. ಆಮೇಲೆ ನನ್ನ ಕೈ ಹಿಡಿದು, "ಇನ್ನೊಂದ್ ಸಲ ನೋಡಕ್ಕಾಗಲ್ವೇನಮ್ಮಾ?" ಎಂದು ಕೇಳಿದರು.

ನೀರು ಕುಡಿಸಿ, ಮಧ್ಯಾಹ್ನ ಮತ್ತೆ ರಕ್ತ ತೆಗೆದೆ. ಅರವತ್ತೊಂದು.

ನಿನ್ನದೂ ಐವತ್ತೆಂಟೇ ಇತ್ತು. ಅವತ್ತು ಡಾಕ್ಟರು ಏನು ಮಾಡೋಣ ಎಂಬಂತೆ ನನ್ನ ಮುಖ ನೋಡಿದ್ದರು. ಅಪ್ಪನಿಗಾಗಿ ನರ್ಸಮ್ಮ ನಿಯಮ ಬಗ್ಗಿಸಿದಳು ಎಂದಾರೆಂದು ನಾನು ಇನ್ನೊಂದು ಸಲ ರಕ್ತ ತೆಗೆಯದೆ ಕಡತ ಮುಚ್ಚಿದೆ. ಕಾರಿನಲ್ಲಿ ನೀನು, "ಹೋಗ್ಲಿ ಬಿಡು, ನಿನ್ ಕೆಲಸಕ್ಕೆ ತೊಂದ್ರೆ ಆಗ್ಬಾರ್ದು," ಎಂದೆ. ನವೆಂಬರ್ ಬರುವಷ್ಟರಲ್ಲಿ ನೀನಿರಲಿಲ್ಲ. ಔಷಧ ಸಿಕ್ಕಿದ್ದರೆ ಉಳಿಯುತ್ತಿದ್ದೆಯೋ ಇಲ್ಲವೋ, ಯಾರೂ ಹೇಳಲಾರರು.

ಹೊರಡುವಾಗ ಆರ್ವಿಡ್ ಕಣ್ಣೊರೆಸಿಕೊಂಡು, "ನಮಗೋಸ್ಕರ ನಿಯಮ ಮುರಿದ್ರಲ್ಲಾ ತಾಯಿ," ಎಂದರು.

"ಮುರಿದಿಲ್ಲ," ಎಂದೆ. "ಎರಡನೇ ಸಲ ನೋಡ್ಬಹುದು ಅಂತ ನಿಯಮದಲ್ಲೇ ಇದೆ. ಮೊದಲಿಂದ್ಲೂ ಇದೆ."