ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದವರು

ಅಫ್ರಾಮ್ ಹೊಳೆದಂಡೆ
ಸೆಪ್ಟೆಂಬರ್ ೯

ಮಾನ್ಯ ಅಧ್ಯಕ್ಷರಾದ ಅಸಿಯೆಡು ಅವರಿಗೆ,

ಗಂಡನಿಗೆ ಅಂತ ಬರೆದರೆ ಒಡೆಯದೆ ಮೂಲೆಗಿಡುತ್ತೀರಿ, ಅದಕ್ಕೆ ಅಧ್ಯಕ್ಷರಿಗೆ ಅಂತ ಬರೆದಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನೀವು ನನ್ನನ್ನು ಬಿಟ್ಟು ಅಕ್ರಾಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಅಲ್ಲಿ ಚೆನ್ನಾಗಿಯೇ ಇದ್ದೀರಿ ಅಂತ ಪತ್ರಿಕೆಯಲ್ಲಿನ ಫೋಟೋ ನೋಡಿದರೆ ಗೊತ್ತಾಗುತ್ತದೆ.

ಸೆನಾಮ್‌ಳ ಮಗು ಉಳಿಯಲಿಲ್ಲ. ಹೊಳೆಯಾಚೆ ಆಸ್ಪತ್ರೆ ಇಲ್ಲ ಅಂತಲೇ ಅಲ್ಲಿಯ ಬಸುರಿಯರು ಹೆರಿಗೆಯವರೆಗೆ ಇರಲಿ ಎಂದು ಈ ಮನೆ ಕಟ್ಟಿದೆವು. ಅವಳ ಕೋಣೆಯ ಸೂರು ಕುಸಿದು, ಮಲಗಿಸಲು ಜಾಗವಿಲ್ಲದೆ, ನಾನೇ ಅವಳನ್ನು ಊರಿಗೆ ಕಳಿಸಿದೆ. ನೋವು ಬಂದು ವಾಪಸು ಹೊರಟವಳು ದೋಣಿಯಲ್ಲೇ ಹೆತ್ತಳು. ಸೂರು ಹೊದಿಸದಿದ್ದರೆ ಉಳಿದ ಒಂಬತ್ತು ಜನರನ್ನೂ ಕಳಿಸಿ ಬಾಗಿಲು ಹಾಕಬೇಕು ಅಂತ ಎಷ್ಟು ಸಲ ಬರೆದೆ. ದಾನಿಗಳ ಹತ್ತಿರ ಅಧ್ಯಕ್ಷರೇ ಮಾತಾಡಬೇಕು ಎಂಬ ನಿಯಮ ನಿಮ್ಮದೇ. ಕುಮಾಸಿಯ ಮಾಮೆ ಕೊನಾಡು ಹತ್ತಿರ ಮಾತಾಡಿದ್ದೇನೆ, ಇವತ್ತಲ್ಲ ನಾಳೆ ಕೆಲಸ ಆಗುತ್ತದೆ ಅಂತ ಪ್ರತಿ ಸಲ ಉತ್ತರ ಕೊಟ್ಟಿರಿ.

ನಂಬಿ ನಂಬಿ ಸಾಕಾಗಿ, ಹೋದ ಮಂಗಳವಾರ ನಾನೇ ಕುಮಾಸಿಗೆ ಹೋದೆ. ಏಳು ತಿಂಗಳ ಬಸುರಿ ಲಾಮಿಸಿ ತಾನೂ ಬರುತ್ತೇನೆಂದು ಹಟ ಹಿಡಿದು ಬಸ್ಸು ಹತ್ತಿದಳು. ಬಟ್ಟೆ ಸಗಟು ವ್ಯಾಪಾರದ ಮಾಮೆ ನಮ್ಮನ್ನು ಕೂರಿಸಿ, ನೀರು ಕೊಟ್ಟು, ರೂಢಿಯಂತೆ "ಇಲ್ಲೆಲ್ಲ ತಣ್ಣಗಿದೆ, ಎಲ್ಲ ಕ್ಷೇಮ. ದಾರಿ ನಡೆದು ಬಂದೋರು ನೀವು, ಬಂದ ವಿಷಯ ಹೇಳಿ" ಅಂದರು. ನಾನು ಹೇಳಿದೆ. ಸೂರಿಗೆ ದುಡ್ಡು ಬೇಕು ಅಂತ ನೇರವಾಗಿ ಕೇಳಿದೆ.

ಅವರಿಗೆ ಸಿಟ್ಟು ಬಂತು. ಕೇಳಿದ್ದಕ್ಕಲ್ಲ.

"ನಿನ್ನ ಗಂಡ ಮೂರು ಸಲ ಬಂದ. ಮೂರು ಸಲಾನೂ ನೀರು ಕೊಟ್ಟು, ಬಂದ ವಿಷಯ ಕೇಳ್ದೆ. ಕೆಟ್ಟದ್ದೇನಿಲ್ಲಮ್ಮ, ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ ಅಂದ. ಕೊನೇ ಸಲ ಒಂದು ಟಗರು ಬೇರೆ ಕಟ್ಟಿ ಹೋದ. ಕೊರತೆ ಇರೋರು ಟಗರು ಹೊಡ್ಕೊಂಡು ಬರ್ತಾರೇನಮ್ಮ? ನಿಮಗೇ ಹೆಚ್ಚಾಗಿದೆ ಅಂದ್ಕೊಂಡೆ. ಚರ್ಚಿನೋರು ಬಂದು ಬಾಯ್ಬಿಟ್ಟು ಕೇಳಿದ್ರು, ಅವರಿಗೆ ಕೊಟ್ಟೆ."

ಅಲ್ಲ ಸ್ವಾಮಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ಅಲ್ಲವೇ. ಕೈ ಚಾಚಿದರೆ ಸಂಸ್ಥೆಯ ಘನತೆ ಹೋಗುತ್ತದೆ, ದಾನಿಗಳು ತಾವಾಗಿ ಅರ್ಥ ಮಾಡಿಕೊಳ್ಳಬೇಕು ಅಂತ ಸಭೆಯಲ್ಲಿ ಭಾಷಣ ಬಿಗಿಯುತ್ತಿದ್ದಿರಿ. ಸತ್ತವರ ಮನೆಯಲ್ಲೂ ಯಾರು ಎಷ್ಟು ಕೊಟ್ಟರು ಅಂತ ಮೈಕು ಹಿಡಿದು ಕೂಗುವ ಊರು ನಮ್ಮದು. ಇಲ್ಲಿ ನಿಮಗೊಬ್ಬರಿಗೆ ನಾಚಿಕೆ. ಆ ನಾಚಿಕೆಗೆ ಬೆಲೆ ತೆತ್ತವಳು ಸೆನಾಮ್. ನಿಮ್ಮನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಗಡು, ಮರ ಎಲ್ಲ ಶನಿವಾರ ಲಾರಿಯಲ್ಲಿ ಬಂತು. ನಿಮ್ಮ ಟಗರನ್ನೂ ಮಾಮೆ ಅದೇ ಲಾರಿಯಲ್ಲಿ ವಾಪಸು ಕಳಿಸಿದ್ದಾರೆ. ಇನ್ನು ಅಧ್ಯಕ್ಷಗಿರಿ ಬಿಡಿ. ಬಾಯಿಬಿಟ್ಟೇ ಕೇಳುತ್ತಿದ್ದೇನೆ.

ಒಂದು ಕಾಲಕ್ಕೆ ನಿಮ್ಮ ಮನೆಯವಳಾಗಿದ್ದ,
ಒಫೋಸುವಾ

ಮರೆತಿದ್ದು: ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ. ಲಾಮಿಸಿ ಎದುರಿಗೇ ಕೂತು ಕಸಾವಾ ಗೆಣಸು ಸುಲಿಯುತ್ತಿದ್ದಾಳೆ. ಅವಳ ಮುಂದೆ ಸುಳ್ಳು ಬರೆದು ಲಕೋಟೆ ಅಂಟಿಸಲಾರೆ. ಮಾಮೆ ಬಂದ ವಿಷಯ ಕೇಳಿದಾಗ ನನಗೂ ಬಾಯಿಬಿಟ್ಟು ಕೇಳಲಾಗಲಿಲ್ಲ. ನೀವು ಮನೆ ಬಿಟ್ಟ ದಿನ, ಹೋಗಬೇಡಿ ಅಂತ ಕೇಳಲಾಗಲಿಲ್ಲವಲ್ಲ, ಹಾಗೆಯೇ. ಕೆಟ್ಟದ್ದೇನಿಲ್ಲಮ್ಮ, ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ ಅಂದುಬಿಟ್ಟೆ. ಲಾಮಿಸಿ ನೀರಿನ ಲೋಟ ಕೆಳಗಿಟ್ಟಳು. "ಇವರು ಸುಮ್ನೆ ಬಂದಿರ್ಬೋದು, ನಾನು ಸುಮ್ನೆ ಬಂದಿಲ್ಲ. ನಂಗೆ ಹೆರೋಕೆ ಸೂರು ಬೇಕು" ಅಂದಳು. ಹೆರಿಗೆ ಆಗಲಿ, ನಿಮ್ಮ ಕುರ್ಚಿ ಅವಳಿಗೆ. ಅದು ನನಗೆ ಬೇಕು ಅಂತ ನಾನು ಕೇಳುವುದಿಲ್ಲ.